ಸೋಪಿನ ನೊರೆಯಿಂದ ಮೀನುತೊಟ್ಟಿಯವರೆಗೆ

ರಾಯಚೂರಿನಲ್ಲಿ ನೀರಿನ ಗಡಸು ತಿಳಿಯಲು ಬಟ್ಟೆ ಸೋಪೇ ಸಾಕು. ಎಷ್ಟು ಉಜ್ಜಿದರೂ ನೊರೆ ಬಾರದಿದ್ದರೆ ಅದು ಬೋರ್ ನೀರು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಥಾಮಸ್ ಕ್ಲಾರ್ಕ್ 1840ರ ದಶಕದಲ್ಲಿ ಇದೇ ನೊರೆಯನ್ನು ಅಳತೆಗೋಲು ಮಾಡಿಕೊಂಡು ಗಡಸುತನಕ್ಕೆ ಡಿಗ್ರಿ ಕೊಟ್ಟ. ಅದೇ ಕಾಲದ ಇನ್ನೊಬ್ಬ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ತನ್ನ ಮೀನುತೊಟ್ಟಿಯ ವರದಿ ಇಟ್ಟ. ಮೀನು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ವ್ಯಾಲಿಸ್ನೇರಿಯಾ ಗಿಡ ಹೀರುತ್ತದೆ, ಕೊಳೆತ ಎಲೆಯನ್ನು ಬಸವನಹುಳು ತಿನ್ನುತ್ತದೆ, ನೀರು ಕೆಡುವುದಿಲ್ಲ ಎಂಬುದು ಅದರ ಸಾರ. ಅಲ್ಲಿ ಗಿಡಕ್ಕೆ ಈ ಅನಿಲ ಊಡುವ ಸಿಲಿಂಡರ್ ಬೇಕಿರಲಿಲ್ಲ.

ಸಿಲಿಂಡರ್ ಮನೆಮಾತಾದದ್ದು ಜಪಾನಿನ ತಕಾಶಿ ಅಮಾನೊ ಅವರಿಂದ. 1982ರಲ್ಲಿ ನೀಗಾತಾದಲ್ಲಿ ಕಂಪನಿ ತೆರೆದ ಅವರು ತೊಟ್ಟಿಯೊಳಗೆ ಹುಲ್ಲುಗಾವಲನ್ನೇ ಬೆಳೆಸಿ ತೋರಿಸಿದರು. ಅಲ್ಲಿನ ನೀರು ಮೆದು, ನಮ್ಮದು ಗಡಸು. ಎಡವಟ್ಟು ಇರುವುದು ಇಲ್ಲೇ.

ನೀರಿನ ಬೈಕಾರ್ಬೊನೇಟ್ ಮಟ್ಟವನ್ನು ಹವ್ಯಾಸಿಗಳು ಕೆಎಚ್ ಎನ್ನುತ್ತಾರೆ. ಕೆಎಚ್ ಮತ್ತು ಪಿಎಚ್ ಗೊತ್ತಿದ್ದರೆ ಕರಗಿದ ಅನಿಲವನ್ನು ಲೆಕ್ಕ ಹಾಕಬಹುದು. ಕೆಎಚ್ 4, ಪಿಎಚ್ 6.6 ಇದ್ದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ. ಗಿಡಕ್ಕೂ ಮೀನಿಗೂ ಹಿತ. ದೇವದುರ್ಗದ ಯಾವುದೋ ಬೋರಿನ ಕೆಎಚ್ 12 ಎಂದುಕೊಳ್ಳಿ. ಅದೇ 30ಕ್ಕೆ, ಅನಿಲ ಬಿಟ್ಟಾಗ ಪಿಎಚ್ 7.1ರ ಆಸುಪಾಸಿಗೆ ಇಳಿದರೆ ಸಾಕು. ಯಾರದೋ ವಿಡಿಯೊ ನೋಡಿ 6.6ರವರೆಗೆ ಎಳೆದರೆ ಅನಿಲ 90 ದಾಟುತ್ತದೆ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಗಡಸು ನೀರಲ್ಲಿ ಅನಿಲ ಕರಗುವುದಿಲ್ಲ ಎಂಬ ಅಂಗಡಿ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಸೋಪೂ ಇಲ್ಲಿ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಅದು ಹೇಳುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ ಮಾತ್ರ. ಈ ಜಿಲ್ಲೆಗೆ ಹೊಸತಲ್ಲದ ಫ್ಲೋರೈಡ್ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕಡಿಮೆ, ಬೈಕಾರ್ಬೊನೇಟ್ ಹೆಚ್ಚು. ನೊರೆ ಚೆನ್ನಾಗಿಯೇ ಬಂದೀತು, ಕೆಎಚ್ ಮಾತ್ರ ಏರಿಯೇ ಇರುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಗುವ ಮಾನ್ವಿಯವರಿಗೆ ಸ್ವಲ್ಪ ಅನುಕೂಲ, ಕಾಲುವೆ ಹರಿಯುವಷ್ಟು ದಿನ. ಉಳಿದವರಿಗೆ ಕೆಎಚ್ ಇಳಿಸಲು ಆರ್‌ಒ ನೀರು ಬೆರೆಸುವ ದಾರಿ ಇದೆ. ಆದರೆ ಮನೆಯ ಯಂತ್ರ ಕೊಡುವುದಕ್ಕಿಂತ ಹೆಚ್ಚು ನೀರು ಚರಂಡಿ ಸೇರುತ್ತದೆ. ಟ್ಯಾಂಕರಿಗೆ ಕಾಯುವ ಏಪ್ರಿಲ್‌ನಲ್ಲಿ ಈ ಶೋಕಿ ಯಾಕೆ?

ಅದರ ಬದಲು, ಕೆರೆ, ಕಾಲುವೆಗಳಲ್ಲಿ ಕಳೆಯಾಗಿ ಹಬ್ಬುವ ಹೈಡ್ರಿಲಾದ ಎಲೆಯನ್ನು ಬೆರಳಲ್ಲಿ ಸವರಿ ನೋಡಿ. ಗಡಸು ನೀರಲ್ಲಿ ಬೆಳೆದದ್ದಾದರೆ ಮೇಲ್ಮೈ ತರಿತರಿ, ಸುಣ್ಣದ ಬಿಳಿ ಪುಡಿ. ಅನಿಲ ಸಾಲದಾದಾಗ ಅದು ಬೈಕಾರ್ಬೊನೇಟಿನಿಂದಲೇ ಇಂಗಾಲ ಕಿತ್ತುಕೊಳ್ಳುತ್ತದೆ. ಮಿಕ್ಕ ಸುಣ್ಣ ಎಲೆಯ ಮೇಲೆ ಕೂರುತ್ತದೆ. ವ್ಯಾಲಿಸ್ನೇರಿಯಾಕ್ಕೂ ಈ ವಿದ್ಯೆ ಗೊತ್ತು. ಬೋರ್ ನೀರಿನ ತೊಟ್ಟಿಗೆ ಇವೆರಡನ್ನೇ ನೆಟ್ಟರೆ ಸಿಲಿಂಡರಿನ ದುಡ್ಡು ಉಳಿಯಿತು.