ಕೀಲಿಕೈ ಎರಡಿರಲಿ: ಪರೀಕ್ಷೆಗೊಂದು, ವ್ಯವಹಾರಕ್ಕೊಂದು

ಯಾದಗಿರಿ: ಶಹಾಪುರದ ಬೀಜ-ಗೊಬ್ಬರದ ಅಂಗಡಿಯಾಗಲಿ, ಸುರಪುರದ ಬಟ್ಟೆ ಮಳಿಗೆಯಾಗಲಿ, ಯಾದಗಿರಿಯ ತೊಗರಿಬೇಳೆ ವರ್ತಕರಾಗಲಿ, ಸ್ವಂತ ಅಂತರ್ಜಾಲ ತಾಣದಲ್ಲಿ ಹಣ ಪಡೆಯಲು ಸಾಮಾನ್ಯವಾಗಿ ಪಾವತಿ ಸಂಸ್ಥೆಯೊಂದರ ನೆರವು ಪಡೆಯುತ್ತಾರೆ. ಅಂಗಡಿಯ ತಂತ್ರಾಂಶವು ಆ ಸಂಸ್ಥೆಯ ಗಣಕದೊಡನೆ ವ್ಯವಹರಿಸುವ ದ್ವಾರವೇ ಎಪಿಐ. ಆ ದ್ವಾರವನ್ನು ತೆರೆಯುವ ಅಕ್ಷರಮಾಲೆಯೇ ಎಪಿಐ ಕೀಲಿಕೈ. ಅದನ್ನು ತೋರಿಸಿದವರು ಯಾರೇ ಇರಲಿ, ಗಣಕವು ಅವರನ್ನೇ ಮಾಲೀಕರೆಂದು ನಂಬುತ್ತದೆ. ಅಪಾಯದ ಮೂಲ ಇಲ್ಲಿಯೇ ಇದೆ.

ಬೆಂಗಳೂರಿನ ರೇಜರ್‌ಪೇ ಸಂಸ್ಥೆಯು ಎರಡು ಬಗೆಯ ಕೀಲಿಕೈಗಳನ್ನು ನೀಡುತ್ತದೆ. ‘ಟೆಸ್ಟ್’ ಎಂದಿರುವುದು ಪರೀಕ್ಷೆಗೆ. ಅದರಿಂದ ನಿಜವಾದ ಹಣ ಒಂದು ರೂಪಾಯಿಯೂ ಕದಲದು. ‘ಲೈವ್’ ಎಂದಿರುವುದು ನೈಜ ವ್ಯವಹಾರಕ್ಕೆ. ಪ್ರತಿಯೊಂದಕ್ಕೂ ಗುರುತು ಹಾಗೂ ರಹಸ್ಯ ಸಂಕೇತ ಎಂಬ ಎರಡು ಭಾಗಗಳಿವೆ. ಗುರುತು ಗ್ರಾಹಕರ ಬ್ರೌಸರಿಗೆ ಹೋಗಬಹುದು. ಸಂಕೇತ ಮಾತ್ರ ಸರ್ವರಿನಿಂದ ಹೊರಬರಕೂಡದು. ಲೈವ್ ಸಂಕೇತವು ಪರರ ಪಾಲಾದರೆ ಗ್ರಾಹಕರ ಪಾವತಿ ವಿವರಗಳು ಬಯಲಾಗುತ್ತವೆ. ಸರಕು ಪಡೆದ ವಂಚಕನು ತಾನು ಕೊಟ್ಟ ಹಣವನ್ನು ಮರುಪಾವತಿಯಾಗಿ ಹಿಂಪಡೆಯಲೂಬಹುದು. ನಷ್ಟ ವರ್ತಕರದು.

ದೊಡ್ಡ ಸಂಸ್ಥೆಗಳೂ ಇದರಲ್ಲಿ ಎಡವಿವೆ. 2016ರಲ್ಲಿ ಊಬರ್ ಸಂಸ್ಥೆಯ ಗಿಟ್‌ಹಬ್ ಸಂಗ್ರಹವನ್ನು ಹೊಕ್ಕ ಕಳ್ಳರಿಗೆ ಅಮೆಜಾನ್ ಕ್ಲೌಡ್‌ನ ಕೀಲಿಕೈ ದೊರೆಯಿತು. ಅದರಿಂದ ಸುಮಾರು 5.7 ಕೋಟಿ ಜನರ ಮಾಹಿತಿ ಕಳವಾಯಿತು. ವಿಷಯವನ್ನು ಒಂದು ವರ್ಷ ಮುಚ್ಚಿಟ್ಟಿದ್ದ ಸಂಸ್ಥೆಯು 2018ರಲ್ಲಿ ಅಮೆರಿಕದ ರಾಜ್ಯಗಳಿಗೆ 14.8 ಕೋಟಿ ಡಾಲರ್ ತೆರಲು ಒಪ್ಪಿತು.

ಆದ್ದರಿಂದ ತಾಣ ಸಿದ್ಧವಾಗುವವರೆಗೆ ತಂತ್ರಜ್ಞರಿಗೆ ಟೆಸ್ಟ್ ಕೀಲಿಕೈಯಷ್ಟೇ ಸಾಕು. ಲೈವ್ ಕೀಲಿಕೈಯನ್ನು ಮಾಲೀಕರೇ ತಮ್ಮ ಖಾತೆಯಿಂದ ಪಡೆಯಬೇಕು; ವಾಟ್ಸಾಪ್‌ನಲ್ಲಿ ಕಳುಹಿಸಬಾರದು. ಅದನ್ನು ತಂತ್ರಾಂಶದ ಸಾಲುಗಳ ನಡುವೆ ಬರೆಯದೆ, ಸರ್ವರಿನ ಪ್ರತ್ಯೇಕ ಸಂರಚನೆಯಲ್ಲಿ ಇರಿಸಬೇಕು. ಪರೀಕ್ಷೆಯ ಸರ್ವರಿನಲ್ಲಿ ಅದರ ಪ್ರತಿ ಇರಕೂಡದು. ತಂತ್ರಜ್ಞರು ಕೆಲಸ ಬಿಟ್ಟ ದಿನವೇ ಕೀಲಿಕೈ ಬದಲಾಯಿಸುವುದು ಅವಮಾನವಲ್ಲ, ಬಾಡಿಗೆದಾರರು ಮನೆ ಬಿಟ್ಟಾಗ ಬೀಗ ಬದಲಿಸಿದಂತೆ.

ಸಂಕೇತ ಸೋರಿದೆ ಎಂಬ ಅನುಮಾನ ಬಂದರೆ ಕಡತದಿಂದ ಅಳಿಸಿದರೆ ಸಾಲದು. ಗಿಟ್‌ಹಬ್‌ನಂತಹ ಸಂಗ್ರಹಗಳು ಹಳೆಯ ಪ್ರತಿಗಳನ್ನೂ ಕಾಯ್ದಿಡುತ್ತವೆ. ಅಳಿಸಿದ್ದು ಅಲ್ಲಿ ಉಳಿದೇ ಇರುತ್ತದೆ. ರೇಜರ್‌ಪೇ ಖಾತೆಯಲ್ಲಿ ಹೊಸ ಕೀಲಿಕೈ ಪಡೆಯುವಾಗ ಹಳೆಯದನ್ನು ತಕ್ಷಣವೇ ಇಲ್ಲವೇ 24 ಗಂಟೆಗಳ ನಂತರ ನಿಷ್ಕ್ರಿಯಗೊಳಿಸುವ ಆಯ್ಕೆ ಇರುತ್ತದೆ. ಸಾಮಾನ್ಯ ಬದಲಾವಣೆಗೆ ಎರಡನೆಯದು ಅನುಕೂಲ. ಸೋರಿಕೆಯ ಅನುಮಾನವಿದ್ದಾಗ ಮಾತ್ರ, ಅಂಗಡಿಯ ಪಾವತಿ ಕೆಲಕಾಲ ನಿಂತರೂ ಸರಿ, ಮೊದಲನೆಯದನ್ನೇ ಆರಿಸಬೇಕು.