ಮಿಶ್ರಮಾದರಿಗಳಲ್ಲಿ ಯಾದೃಚ್ಛಿಕ ಪ್ರಭಾವಗಳ ಆಯ್ಕೆ

ಒಂದು ಅಗುಳನ್ನು ಹಿಸುಕಿ ನೋಡಿ ಪಾತ್ರೆಯ ಅನ್ನವೆಲ್ಲವೂ ಬೆಂದಿದೆಯೆಂದು ನಿರ್ಣಯಿಸುವುದಕ್ಕೆ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಹೆಸರಿಟ್ಟಿರುವರು. ಈ ನ್ಯಾಯವು ಸಲ್ಲಬೇಕಾದರೆ ಅಗುಳುಗಳೆಲ್ಲವೂ ಒಂದೇ ಪಾತ್ರೆಯಲ್ಲಿ ಒಂದೇ ಉರಿಯ ಮೇಲೆ ಬೆಂದಿರಬೇಕು. ಹನ್ನೆರಡು ಒಲೆಗಳ ಮೇಲೆ ಹನ್ನೆರಡು ಪಾತ್ರೆಗಳಿದ್ದು, ಒಂದೊಂದರಿಂದ ನಾಲ್ಕು ನಾಲ್ಕು ಅಗುಳುಗಳನ್ನು ತೆಗೆದವನು ತಾನು ನಲವತ್ತೆಂಟು ಅಗುಳುಗಳನ್ನು ಪರೀಕ್ಷಿಸಿದೆನೆಂದರೆ ಆ ಮಾತು ಸುಳ್ಳಲ್ಲ. ಆದರೆ ಅದರಿಂದ ಅವನು ತಾಳುವ ಧೈರ್ಯವು ಅತಿಯಾದುದು. ಸಂಖ್ಯಾಶಾಸ್ತ್ರದ ಮಿಶ್ರಪ್ರಭಾವ ಮಾದರಿಗಳ ಒಂದು ಮುಖ್ಯ ಪ್ರಯೋಜನವು ಈ ಅತಿಧೈರ್ಯವನ್ನು ತಡೆಯುವುದೇ ಆಗಿದೆ. ಅವುಗಳಲ್ಲಿ ಯಾವುದನ್ನು ಯಾದೃಚ್ಛಿಕವೆಂದು ಎಣಿಸಬೇಕೆಂಬುದೇ ಪ್ರಕೃತ ವಿಚಾರ.

ಸುರಪುರ ಸೀಮೆಯ ಕಕ್ಕೇರಾ ಸುತ್ತಣ ಪ್ರದೇಶವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೃಷ್ಣಾನದಿಯ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಿಂದ ಈ ಸೀಮೆಯಲ್ಲಿ ಭತ್ತದ ಬೇಸಾಯವು ಹಬ್ಬಿದೆ. ಕಾಲುವೆಯ ಮೊದಲ ಭಾಗಕ್ಕೆ ನೀರು ಧಾರಾಳ, ಕೊನೆಯ ಭಾಗಕ್ಕೆ ಅಭಾವ ಎಂಬುದು ಕಾಲುವೆಯ ನೀರನ್ನು ನಂಬಿದ ಸೀಮೆಗಳಲ್ಲೆಲ್ಲ ಕೇಳಿಬರುವ ಮಾತು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ನಿಯಮದಂತೆ, ಗ್ರಾಮಪಂಚಾಯತಿಯನ್ನು ಘಟಕವಾಗಿ ಹಿಡಿದ ಪ್ರಮುಖ ಬೆಳೆಗೆ ಪಂಚಾಯತಿಯೊಂದರಲ್ಲಿ ಕನಿಷ್ಠ 4 ಬೆಳೆ ಕಟಾವು ಪ್ರಯೋಗಗಳು ನಡೆಯಬೇಕು. ಮುಖ್ಯವಾಗಿ ಆ ತುಣುಕುಗಳ ಸರಾಸರಿಯನ್ನು ಆಧರಿಸಿದ ಇಳುವರಿಯನ್ನು ನಿಗದಿತ ಇಳುವರಿಯೊಡನೆ ಹೋಲಿಸಿ, ಕೊರತೆಯಿದ್ದಷ್ಟಕ್ಕೆ ಪರಿಹಾರವನ್ನು ಗೊತ್ತುಮಾಡುವರು. ಆದುದರಿಂದ ಇಲ್ಲಿ ಲೆಕ್ಕದ ತಪ್ಪು ರೈತನ ಉಡಿಯನ್ನೇ ಮುಟ್ಟುತ್ತದೆ.

ಹನ್ನೆರಡು ಪಂಚಾಯತಿಗಳಿಂದ 48 ತುಣುಕುಗಳ ಇಳುವರಿ ಬಂದಿದೆಯೆಂದು ಕಲ್ಪಿಸೋಣ. ಕಾಲುವೆಯ ಮೊದಲು ಕೊನೆಗಳ ಭೇದವನ್ನು ಕಳೆದ ಮೇಲೆ ಉಳಿಯುವ ಏರುಪೇರಿನಲ್ಲಿ ಅರ್ಧವು ಪಂಚಾಯತಿಗಳ ನಡುವಣದು, ಅರ್ಧವು ಅವುಗಳ ಒಳಗಿನದು ಎಂದಿಟ್ಟುಕೊಂಡರೆ, ನಾಲ್ಕರ ಗುಂಪಿಗೆ ಹಿಗ್ಗುವ ಪ್ರಮಾಣವು 1 + 3 × 0.5, ಅಂದರೆ 2.5. ಸರಾಸರಿಯನ್ನು ಹೇಳುವಲ್ಲಿ 48 ತುಣುಕುಗಳು ಸುಮಾರು 19 ಸ್ವತಂತ್ರ ತುಣುಕುಗಳಷ್ಟೇ ಸಾಕ್ಷ್ಯವನ್ನು ಕೊಡುತ್ತವೆ. ಪಂಚಾಯತಿಯನ್ನು ಮಾದರಿಯಿಂದ ಬಿಟ್ಟವನು ಉಳಿದ 29ನ್ನು ಗಾಳಿಯಿಂದ ತಂದಂತಾಯಿತು.

ಕಾಲುವೆಯ ಮೊದಲ ಭಾಗ, ಕೊನೆಯ ಭಾಗ ಎಂಬ ಎರಡು ಸ್ಥಾನಗಳು ನಮ್ಮ ಪ್ರಶ್ನೆಯ ವಿಷಯವೇ ಆಗಿವೆ, ಅವು ಸ್ಥಿರಪ್ರಭಾವಗಳು. ಪಂಚಾಯತಿಗಳಾದರೋ ಪ್ರತಿನಿಧಿಗಳು. ಇವೇ ಹನ್ನೆರಡರ ಬದಲು ಬೇರೆ ಹನ್ನೆರಡು ಬಂದಿದ್ದರೂ ಪ್ರಶ್ನೆಯು ಕೆಡುತ್ತಿರಲಿಲ್ಲ. ಆದುದರಿಂದ ಅವು ಯಾದೃಚ್ಛಿಕಗಳು.

ಇಲ್ಲಿ ಪೂರ್ವಪಕ್ಷವೊಂದುಂಟು: ಯಾದೃಚ್ಛಿಕ ಪದವನ್ನು ಸೇರಿಸಿ ಪರೀಕ್ಷಿಸಿ, ಗಣನೀಯವೆಂದು ಕಾಣದಿದ್ದರೆ ಬಿಡಬಹುದಲ್ಲವೆ? ಬಿಡಬಾರದು. ಮೀಮಾಂಸಕರು ಹೇಳುವಂತೆ ಕಾಣಲು ಯೋಗ್ಯವಾದ ವಸ್ತುವು ಕಾಣದಿದ್ದಾಗ ಮಾತ್ರವೇ ಅದರ ಅಭಾವವು ಸಿದ್ಧಿಸುವುದು. ಕತ್ತಲೆಯಲ್ಲಿ ಮಡಕೆ ಕಾಣಲಿಲ್ಲವೆಂದರೆ ಮಡಕೆಯಿಲ್ಲವೆಂದಾಗದು. ಹನ್ನೆರಡೇ ಗುಂಪುಗಳಿರುವಲ್ಲಿ ಪರೀಕ್ಷೆಯ ಬೆಳಕು ಮಂದವಾದುದು. ಮೇಲಾಗಿ ಏರುಪೇರಿನ ಅಳತೆಯು ಶೂನ್ಯಕ್ಕಿಂತ ಕೆಳಗಿಳಿಯಲಾರದಾದುದರಿಂದ, ಶೂನ್ಯವೆಂಬ ಎಲ್ಲೆಯಲ್ಲಿ ಸಾಧಾರಣ ಕೋಷ್ಟಕಗಳು ಇದ್ದ ಸಾಕ್ಷ್ಯವನ್ನೂ ಕಡಿಮೆಯಾಗಿ ತೋರಿಸುತ್ತವೆ. (ಏರುಪೇರಿನ ಅಂಶಗಳನ್ನು ಅಂದಾಜುಮಾಡುವ ಪ್ರಸಿದ್ಧ ವಿಧಾನವೊಂದನ್ನು 1970ರ ದಶಕದ ಆದಿಯಲ್ಲಿ ಕೊಟ್ಟವರು, ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು. ಇದು ಕನ್ನಡಿಗರು ನೆನೆಯತಕ್ಕ ವಿಷಯ.)

ಪಂಚಾಯತಿಯನ್ನು ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಪ್ರತಿ ಪಂಚಾಯತಿಯಲ್ಲಿ ಎರಡು ತುಣುಕು ಸೋನಾ ಮಸೂರಿ, ಎರಡು ತುಣುಕು ಮತ್ತೊಂದು ತಳಿ ಇದ್ದು, ಪ್ರಶ್ನೆಯು ತಳಿಗಳ ತಾರತಮ್ಯದ್ದೆಂದು ಭಾವಿಸೋಣ. ಆ ತಾರತಮ್ಯವು ಕರಿಮಣ್ಣಿನಲ್ಲೊಂದು, ಮರಳುಮಣ್ಣಿನಲ್ಲೊಂದು ಇರಬಹುದು. ಪಂಚಾಯತಿಯ ಸರಾಸರಿಯನ್ನು ಮಾತ್ರ ಬದಲಾಗಬಿಟ್ಟು ತಳಿಯ ವ್ಯತ್ಯಾಸವನ್ನು ಎಲ್ಲೆಡೆಯೂ ಒಂದೇ ಎಂದು ಕಟ್ಟಿಹಾಕಿದರೆ, ಹೊರಹಾಕಿದ ಅತಿಧೈರ್ಯವು ಹಿತ್ತಿಲ ಬಾಗಿಲಿನಿಂದ ಒಳಬರುವುದು. ಗುಂಪಿನ ಒಳಗೆ ಬದಲಾಗುವ ಕಾರಣಕ್ಕೆ ಗುಂಪಿನಿಂದ ಗುಂಪಿಗೆ ಬೇರೆಯಾಗುವ ಪ್ರಭಾವವನ್ನು ಕೊಡಬೇಕು. ಕಾಲುವೆಯ ಸ್ಥಾನವು ಒಂದು ಪಂಚಾಯತಿಯೊಳಗೆ ಬದಲಾಗದಿದ್ದಲ್ಲಿ ಅದಕ್ಕೆ ಇಂಥ ಪ್ರಭಾವವನ್ನು ಕೇಳುವುದೇ ವ್ಯರ್ಥ.

ಪ್ರಯೋಗದ ರಚನೆಯು ಅವಕಾಶಕೊಟ್ಟಷ್ಟನ್ನೂ ಸೇರಿಸತಕ್ಕದ್ದೆಂದು ಡೇಲ್ ಬಾರ್ ಮತ್ತು ಸಂಗಡಿಗರು 2013ರಲ್ಲಿ ವಾದಿಸಿದರು. ಅಷ್ಟು ಹೊರೆಯನ್ನು ದತ್ತಾಂಶವು ಹೊರಲಾರದೆಂದು ಡಗ್ಲಸ್ ಬೇಟ್ಸ್ ಮತ್ತು ಸಂಗಡಿಗರು 2015ರಲ್ಲಿ ಮಾರುತ್ತರವಿತ್ತರು. ನಮಗೆ ತೋರುವ ಕ್ರಮವು ಹೀಗೆ: ರಚನೆಯು ಕೇಳುವುದರಿಂದ ಆರಂಭಿಸುವುದು; ಗಣಕಯಂತ್ರವು ಒಂದು ಏರುಪೇರನ್ನು ಶೂನ್ಯವೆಂದೋ ಎರಡು ಪ್ರಭಾವಗಳ ಸಂಬಂಧವನ್ನು ಪೂರ್ಣ 1 ಎಂದೋ ತೋರಿಸಿದರೆ, ಮೊದಲು ಆ ಸಂಬಂಧವನ್ನು, ಆಮೇಲೆ ಅಗತ್ಯಬಿದ್ದರೆ ತಳಿಯ ಬದಲಾಗುವ ಪ್ರಭಾವವನ್ನು ಬಿಡುವುದು; ಬಿಟ್ಟುದನ್ನು ಬರೆದು ತಿಳಿಸುವುದು. ಪಂಚಾಯತಿಯನ್ನು ಮಾತ್ರ ಬಿಡತಕ್ಕುದಲ್ಲ.

ಹೆಸರಿನ ಮೋಸವೂ ಒಂದುಂಟು. ಒಂದು ಊರಿನ ಸರ್ವೆ ನಂಬರ್ 12 ಮತ್ತು ಪಕ್ಕದ ಊರಿನ ಸರ್ವೆ ನಂಬರ್ 12 ಒಂದೇ ಗದ್ದೆಯಲ್ಲ. ಊರಿನ ಹೆಸರನ್ನು ಸೇರಿಸದೆ ಬರೆದರೆ ಯಂತ್ರವು ಎರಡನ್ನೂ ಒಂದೆಂದು ತಿಳಿದು ಲೆಕ್ಕ ಕೊಡುತ್ತದೆ. ವರ್ಷದ ಸಂಗತಿ ಬೇರೆ: ಒಂದೇ ವರ್ಷವು ಎಲ್ಲ ಊರುಗಳ ಮೇಲೂ ಹಾಯುತ್ತದೆ, ಆದುದರಿಂದ ಊರೂ ವರ್ಷವೂ ಒಂದನ್ನೊಂದು ಅಡ್ಡಹಾಯ್ದು ನಿಲ್ಲುತ್ತವೆ. ಆದರೆ ಮೂರು ವರ್ಷಗಳಿಂದ ವರ್ಷಗಳ ಏರುಪೇರನ್ನು ಅಳೆಯಹೊರಡುವುದು ಸಾಹಸ. ಅವುಗಳನ್ನು ಸ್ಥಿರವೆಂದು ಎಣಿಸಿ, ನಿರ್ಣಯವು ಆ ಮೂರು ವರ್ಷಗಳಿಗೆ ಮಾತ್ರ ಸಲ್ಲುವುದೆಂದು ಒಪ್ಪುವುದು ಲೇಸು.

ಯಾದೃಚ್ಛಿಕವೆಂದು ಎಣಿಸಿದುದರಿಂದ ಮತ್ತೊಂದು ಫಲವುಂಟು: ಪ್ರತಿ ಪಂಚಾಯತಿಯ ಅಂದಾಜು ಸಾಮಾನ್ಯ ಸರಾಸರಿಯ ಕಡೆಗೆ ಸ್ವಲ್ಪ ಎಳೆಯಲ್ಪಡುತ್ತದೆ. 1988ರಲ್ಲಿ ಬಟೀಸ್, ಹಾರ್ಟರ್ ಮತ್ತು ಫುಲ್ಲರ್ ಎಂಬವರು ಅಮೆರಿಕದ ಅಯೋವಾ ಪ್ರಾಂತದ 12 ಕೌಂಟಿಗಳ ಮೆಕ್ಕೆಜೋಳ, ಸೋಯಾ ಬೆಳೆಗಳ ವಿಸ್ತೀರ್ಣವನ್ನು ಹೀಗೆಯೇ ಅಂದಾಜಿಸಿದರು. ನಮ್ಮ ಕಲ್ಪಿತ ಲೆಕ್ಕದಲ್ಲಿ ಪಂಚಾಯತಿಯ ಸ್ವಂತ ಸರಾಸರಿಗೆ ಐದರಲ್ಲಿ ನಾಲ್ಕು ಪಾಲು ತೂಕ, ಸಾಮಾನ್ಯಕ್ಕೆ ಒಂದು ಪಾಲು. ಕೊನೆಯ ಭಾಗದ ಒಂದು ಪಂಚಾಯತಿಯಲ್ಲಿ ಎಕರೆಗೆ 16 ಕ್ವಿಂಟಲ್ ಬಂದಿರಲಿ. ಕೊನೆಯ ಭಾಗದ ಸರಾಸರಿ 20, ಎಲ್ಲ ಪಂಚಾಯತಿಗಳ ಸರಾಸರಿ 26 ಇರಲಿ. ಕಾಲುವೆಯ ಸ್ಥಾನವನ್ನು ಸ್ಥಿರಪ್ರಭಾವವಾಗಿ ಸೇರಿಸಿದ್ದರೆ ಅಂದಾಜು 20ರ ಕಡೆಗೆ ಸರಿದು 16.8 ಆಗುವುದು. ಸೇರಿಸದಿದ್ದರೆ ನೀರು ಕಾಣದ ಆ ಪಂಚಾಯತಿಯನ್ನು ನೀರುಂಡವುಗಳೊಡನೆ ಬೆರೆಸಿ 26ರ ಕಡೆಗೆ ಎಳೆದಂತಾಗಿ, ಅದರ ನಷ್ಟದ ಒಂದಂಶವು ಕಾಗದದ ಮೇಲೆಯೇ ಮಾಯವಾಗುವುದು.