ಅಜ್ಜನ ಪಂಚೆ ಸುಟ್ಟವರು ಯಾರು?

ದೀಪಾವಳಿಗೆ ಮನೆಮಂದಿಯೆಲ್ಲ ಸೇರಿದಾಗ ತಪ್ಪದೆ ಎದ್ದು ಬರುವ ಹಳೇ ತಕರಾರೊಂದು ಬಹುತೇಕ ಎಲ್ಲ ಮನೆಗಳಲ್ಲೂ ಇರುತ್ತದೆ. ನಮ್ಮಲ್ಲಿ ಅದು ಅಜ್ಜನ ಪಂಚೆಯದು. ಸುರ್‌ಸುರ್‌ಬತ್ತಿಯ ಕಿಡಿ ಹಾರಿ ಪಂಚೆ ಸುಟ್ಟದ್ದು ನಿಜ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಬತ್ತಿ ಹಿಡಿದಿದ್ದವನು ಯಾರು ಎಂದರೆ ಅಣ್ಣ ನನ್ನತ್ತ ಬೆರಳು ತೋರಿಸುತ್ತಾನೆ, ನಾನು ಅವನತ್ತ. ತಂಬಿಗೆ ನೀರು ತಂದು ಸುರಿದವನು ಯಾರು ಎಂದರೆ ಮಾತ್ರ ಇಬ್ಬರೂ ‘ನಾನೇ’ ಎನ್ನುತ್ತೇವೆ. ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕಲ್ಲ? ಹಾಗೇನಿಲ್ಲ.

ಮರ್ಸಿಡಿಸ್ ಶೀನ್, ಸೈಮನ್ ಕೆಂಪ್, ಡೇವಿಡ್ ರೂಬಿನ್ ಎಂಬ ಮನೋವಿಜ್ಞಾನಿಗಳು ಅವಳಿ ಜೋಡಿಗಳನ್ನು ಕೂರಿಸಿಕೊಂಡು ಬಾಲ್ಯದ ನೆನಪುಗಳನ್ನು ಕೆದಕಿದರು. ಅವರ ಅಧ್ಯಯನ ಪ್ರಕಟವಾದದ್ದು 2001ರಲ್ಲಿ. ಒಂದೇ ಘಟನೆಯನ್ನು ಇಬ್ಬರೂ ‘ಇದು ನನಗೆ ಆದದ್ದು’ ಎಂದು ಹೇಳಿಕೊಂಡ ಪ್ರಸಂಗಗಳು ಅದರಲ್ಲಿ ಸಿಕ್ಕವು. ಅವಳಿಗಳಲ್ಲದ ಒಡಹುಟ್ಟಿದವರಲ್ಲೂ, ಗೆಳೆಯರಲ್ಲೂ ಇಂಥ ತಕರಾರು ಕಂಡಿತು. ಮುಂದೆ ನಡೆದ ಅಧ್ಯಯನದಲ್ಲಿ ಇನ್ನೊಂದು ಸ್ವಾರಸ್ಯ ಹೊರಬಿತ್ತು: ಸಾಧನೆ ನನ್ನದು, ಪೆಟ್ಟು ಬಿದ್ದದ್ದೂ ನನಗೆ, ಕಿತಾಪತಿ ಮಾತ್ರ ಅವನದು! ಪಂಚೆ ಪ್ರಕರಣದ ತೀರ್ಪು ಇಷ್ಟರಲ್ಲೇ ಇದೆ ಅನ್ನಿ.

ನೆನಪು ಹೀಗೆ ಕೈ ಬದಲಾಯಿಸುವುದಾದರೂ ಹೇಗೆ? ಒಂದು ಸುಳಿವು 2000ದಲ್ಲಿ ನ್ಯೂಯಾರ್ಕಿನ ಕರೀಂ ನಾದೆರ್ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗದಿಂದ ಬಂತು. ಒಂದು ಸದ್ದು ಕೇಳಿಸಿ ಇಲಿಗಳಿಗೆ ವಿದ್ಯುತ್ ಆಘಾತ ಕೊಟ್ಟರು. ಆಮೇಲೆ ಸದ್ದು ಕೇಳಿದರೆ ಸಾಕು, ಇಲಿ ಭಯದಿಂದ ಅಲ್ಲಾಡದೆ ನಿಂತುಬಿಡುತ್ತಿತ್ತು. ಈ ನೆನಪು ಗಟ್ಟಿಯಾದ ಮೇಲೆ ಸದ್ದನ್ನು ಮತ್ತೊಮ್ಮೆ ಕೇಳಿಸಿ, ಕೂಡಲೇ ಮಿದುಳಿನ ಅಮಿಗ್ಡಲಾ ಭಾಗಕ್ಕೆ ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಔಷಧ ಕೊಟ್ಟರು. ಮರುದಿನ ಭಯ ಬಹುಮಟ್ಟಿಗೆ ಇಳಿದಿತ್ತು. ಸದ್ದು ಕೇಳಿಸದೆ ಬರೀ ಔಷಧ ಕೊಟ್ಟ ಇಲಿಗಳಲ್ಲಿ ಭಯ ಹಾಗೇ ಉಳಿಯಿತು. ಅಂದರೆ ನೆನಪಿಸಿಕೊಂಡ ಗಳಿಗೆಯಲ್ಲಿ ನೆನಪು ಮೆತ್ತಗಾಗುತ್ತದೆ, ಮಿದುಳು ಅದನ್ನು ಮತ್ತೆ ಗಟ್ಟಿ ಮಾಡಿ ಇಡಬೇಕಾಗುತ್ತದೆ. ಇಲಿಯ ಭಯಕ್ಕೂ ಹಬ್ಬದ ಜಗಲಿಯ ಹರಟೆಗೂ ಬಹಳ ದೂರವಿದೆ, ಒಪ್ಪುತ್ತೇನೆ. ಆದರೂ ಪ್ರತಿ ವರ್ಷ ಹೇಳಿ ಹೇಳಿ ನುಣುಪಾದ ಕಥೆಯ ಬಗ್ಗೆ ನನಗೆ ಈಗೀಗ ಗುಮಾನಿ ಜಾಸ್ತಿ.

ಹಾಗಾದರೆ ಆಲ್ಬಮ್ ತೆಗೆದು ನೋಡಿದರಾಯಿತಲ್ಲ? ಅದನ್ನೂ ನಂಬುವಂತಿಲ್ಲ. ನ್ಯೂಜಿಲೆಂಡಿನಲ್ಲಿ ಕಿಂಬರ್ಲಿ ವೇಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿಯ ಬಾಲ್ಯದ ಫೋಟೊಗಳನ್ನು ಅವರ ಮನೆಯವರಿಂದಲೇ ತರಿಸಿಕೊಂಡು, ಮಗುವನ್ನು ಬಿಸಿಗಾಳಿ ಬಲೂನಿನಲ್ಲಿ ಕೂರಿಸಿದಂತೆ ಚಿತ್ರ ತಿದ್ದಿದರು. ಹತ್ತದ ಬಲೂನಿನ ಪಯಣವನ್ನು ಅರ್ಧದಷ್ಟು ಮಂದಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ‘ನೆನಪಿಸಿಕೊಂಡರು’!

ಮೂಗಿನ ದಾರಿ ಬೇರೆ. ನೀರು ತುಂಬುವ ಹಬ್ಬದ ಸಂಜೆ ಬಚ್ಚಲ ಹಂಡೆಯನ್ನು ಬೆಳಗಿ, ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು, ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಿದ್ದರು. ಮರುದಿನ ಬೆಳಕು ಹರಿಯುವ ಮುಂಚೆ ತೆಂಗಿನ ಮಟ್ಟೆಯ ಹೊಗೆ, ಕಾದ ಎಳ್ಳೆಣ್ಣೆ, ಕಣ್ಣಿಗೆ ಬಿದ್ದು ಉರಿಸುವ ಸೀಗೆಪುಡಿ. ಇಂದಿಗೂ ಸೀಗೆಪುಡಿಯ ಡಬ್ಬಿ ತೆರೆದರೆ ಆ ಬಚ್ಚಲು ಎದುರಿಗೇ ಬಂದು ನಿಲ್ಲುತ್ತದೆ. ಕಂಡದ್ದು, ಕೇಳಿದ್ದು ಮಿದುಳಿನ ಥಲಾಮಸ್ ಎಂಬ ಕೇಂದ್ರವನ್ನು ಹಾದು ಮುಂದೆ ಹೋಗಬೇಕು. ವಾಸನೆಯ ಸಂಕೇತ ಮಾತ್ರ ಮೂಗಿನ ಮೇಲಿರುವ ಘ್ರಾಣಗಡ್ಡೆಯಿಂದ ಥಲಾಮಸ್‌ಗೆ ಕಾಯದೆ ಭಾವನೆಯ ಅಮಿಗ್ಡಲಾವನ್ನೂ ನೆನಪಿನ ಹಿಪ್ಪೊಕ್ಯಾಂಪಸ್‌ನ ಆಸುಪಾಸನ್ನೂ ತಲುಪುತ್ತದೆ. ಸ್ವೀಡನ್ನಿನ ಯೊಹಾನ್ ವಿಲಾಂಡರ್ ಮತ್ತು ಮರಿಯಾ ಲಾರ್ಸನ್ 2006ರಲ್ಲಿ ವೃದ್ಧರಿಗೆ ವಾಸನೆ, ಚಿತ್ರ, ಪದಗಳನ್ನು ಕೊಟ್ಟು ನೋಡಿದರು. ಪದ, ಚಿತ್ರಗಳಿಂದ ಹೆಚ್ಚಾಗಿ ಎದ್ದು ಬಂದದ್ದು 11ರಿಂದ 20 ವಯಸ್ಸಿನ ನೆನಪುಗಳು. ವಾಸನೆಯಿಂದ ಹೆಚ್ಚಾಗಿ ಬಂದವು ಹತ್ತು ವರ್ಷ ತುಂಬುವುದಕ್ಕೂ ಮುಂಚಿನವು. ಹಾಗೆಂದು ವಾಸನೆ ತಂದ ನೆನಪೆಲ್ಲ ಸತ್ಯ ಎಂದೇನೂ ಅಲ್ಲ. ಮಾತಿಗೆ ಸಿಗದ ಎಳೆಗಾಲವನ್ನು ಅದು ಮುಟ್ಟುತ್ತದೆ, ಅಷ್ಟೆ.

ಹೀಗೆ ಸೋರುವ, ತಿರುಚಿಕೊಳ್ಳುವ ಸರಕನ್ನು ಮೊಮ್ಮಕ್ಕಳಿಗೆ ದಾಟಿಸಿ ಏನು ಪ್ರಯೋಜನ? ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಮಕ್ಕಳಿಗೆ 20 ಪ್ರಶ್ನೆ ಕೇಳಿದರು: ಅಜ್ಜ ಅಜ್ಜಿ ಬೆಳೆದದ್ದೆಲ್ಲಿ ಗೊತ್ತೇ, ಅಪ್ಪ ಅಮ್ಮನ ಪರಿಚಯವಾದದ್ದು ಹೇಗೆ ಗೊತ್ತೇ, ಹೀಗೆ. ಹೆಚ್ಚು ಗೊತ್ತಿದ್ದ ಮಕ್ಕಳಲ್ಲಿ ಆತ್ಮಗೌರವವೂ ಹೆಚ್ಚಿತ್ತು. ಕಥೆ ಗೊತ್ತಿದ್ದರಿಂದ ಅದು ಬಂತೋ, ಒಟ್ಟಿಗೆ ಕೂತು ಮಾತಾಡುವ ಮನೆಯಾದ್ದರಿಂದ ಎರಡೂ ಬಂದವೋ? ನಾನು ಎರಡನೆಯದರ ಕಡೆ. ಡ್ಯೂಕ್ ಅವರೂ ಬರೀ ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಫಲವಿಲ್ಲ ಎಂದೇ ಹೇಳಿದ್ದಾರೆ.

ಈ ದೀಪಾವಳಿಗೆ ಹಿರಿಯರ ನೆನಪು ದಾಖಲಿಸುವ ಯೋಚನೆಯಿದ್ದರೆ ಅವರನ್ನು ಒಟ್ಟಿಗೆ ಕೂರಿಸಬೇಡಿ. ಒಬ್ಬೊಬ್ಬರನ್ನೇ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಲ್ಬಮ್ ಕೊನೆಗೆ ತೆಗೆಯಿರಿ, ಸೀಗೆಪುಡಿಯ ಡಬ್ಬಿ ಮೊದಲು. ‘ಆಗ ನೀವು ಅತ್ತಿರಬೇಕಲ್ಲ?’ ಎಂದು ಉತ್ತರವನ್ನು ಬಾಯಿಗೆ ತುರುಕದೆ ‘ಆಮೇಲೆ?’ ಎಂದಷ್ಟೇ ಕೇಳಿ. ಇಬ್ಬರ ಕಥೆ ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಪಂಚೆಯ ವಿಷಯದಲ್ಲಿ ಅಣ್ಣನದ್ದೂ ರೆಕಾರ್ಡ್ ಆಗಿದೆ, ಆದರೆ ತಪ್ಪು ಅವನದೇ.